ತೂಬಿಲ್ಲದ ಅಚ್ಚು

ಆ ಊರಿಗೂ ಒಂದು ಹೆಸರಿತ್ತು. ಉದ್ದದ ಹೆಸರು, ಬಾಯಿತುಂಬ ಹೇಳುವಂಥದ್ದು. ಹೆಸರಿನ ಅಚ್ಚಿಗೆ ಹುಯ್ದಾಗ ಪೂರ್ತಿ ಹಿಡಿಸಲಿಲ್ಲ, ಬಾಲ ಹೊರಗುಳಿಯಿತು, ಕತ್ತರಿಸಿ ಎಸೆದರು. ಉಳಿದ ಮೋಟು ಹೆಸರನ್ನು ಹೇಳಲು ನನಗೆ ಮನಸ್ಸಿಲ್ಲ. ಊರು ಅಂತಲೇ ಅನ್ನೋಣ.

ಆ ಊರಿಗೆ ಒಂದೇ ಕಟ್ಟಳೆ. ಅಚ್ಚಿಗೆ ಇಳಿದದ್ದು ಉಂಟು, ಅಚ್ಚಿಗೆ ಇಳಿಯದ್ದು ಇಲ್ಲ. ಊರ ನಡುವೆ ಕಲ್ಲುಮನೆ, ಕಲ್ಲುಮನೆಯ ಗೋಡೆ ತುಂಬ ಗೂಡು, ಗೂಡಿಗೊಂದು ಬಳಪದ ಕಲ್ಲಿನ ಅಚ್ಚು. ಕಾಳು ಬೆಳೆದರೆ ಅದರ ಲೆಕ್ಕದ ಮೇಣ ಕರಗಿಸಿ ಅಳತೆಯ ಅಚ್ಚಿಗೆ ಹುಯ್ಯಬೇಕು. ಮಗು ಹುಟ್ಟಿದರೆ ಅದರ ಪಾಲಿನ ಮೇಣ ಇರುವವರ ಅಚ್ಚಿಗೆ, ಸತ್ತರೆ ಹೋದವರ ಅಚ್ಚಿಗೆ. ಅಚ್ಚಿನಲ್ಲಿ ಗಟ್ಟಿಯಾದ ನಿನ್ನ ಮೇಣದ ಬಿಲ್ಲೆ ಗೂಡಿನಲ್ಲಿದ್ದರೆ ಊರಿಗೆ ನೀನು ಕಾಣುತ್ತೀಯ, ನಿನ್ನ ಕೊಡಕ್ಕೆ ನೀರು ಬೀಳುತ್ತದೆ. ಇಲ್ಲದಿದ್ದರೆ ನಡುಬೀದಿಯಲ್ಲಿ ನಿಂತು ಬಾಯಿ ಬಡಿದುಕೊಂಡರೂ ಯಾರೂ ತಿರುಗಿ ನೋಡುವುದಿಲ್ಲ. ಅದು ಸೊಕ್ಕಲ್ಲ, ನಿಜಕ್ಕೂ ಅವರ ಕಣ್ಣಿಗೆ ಬೀಳುವುದಿಲ್ಲ.

ಒಂದು ಅಚ್ಚಿನಿಂದ ಇನ್ನೊಂದು ಅಚ್ಚಿಗೆ ಮೇಣ ಹೋಗಲು ಎರಡು ದಾರಿ. ಒಂದು ಕೇಳಿ ಹುಯ್ಯುವುದು. ಕಲ್ಲುಮನೆಯ ಯಜಮಾನ ಊರ ಎದುರು ನಿಂತು, ಹೆಸರು ಹಿಡಿದು ಕೇಳಬೇಕು, ಸಂಬಂಧಪಟ್ಟವರು ತಮ್ಮ ಬಾಯಿಂದಲೇ ಹೌದೆನ್ನಬೇಕು, ಆಮೇಲೆ ಬಿಲ್ಲೆ ಕರಗಿಸಿ ಹುಯ್ಯಬೇಕು. ಇನ್ನೊಂದು ತೂಬು. ಅಚ್ಚಿನ ತಳದಲ್ಲಿ ಬೆರಳು ಹೋಗುವಷ್ಟು ತೂತು, ಅದರ ಬಾಯಿ ಪಕ್ಕದ ಅಚ್ಚಿಗೆ. ಎಣಿಕೆಯ ಹಬ್ಬದ ದಿನ ಕಲ್ಲುಮನೆಯೊಳಗೆ ಕೆಂಡ ತುಂಬುತ್ತಾರೆ, ಮೇಣ ಮೆತ್ತಗಾಗುತ್ತದೆ, ಕೂಗುವವನು ಯಾವ ಅಚ್ಚಿನ ಹೆಸರು ಕೂಗುತ್ತಾನೋ ಆ ಅಚ್ಚಿಗೆ ಅಕ್ಕಪಕ್ಕದ ತೂಬುಗಳಿಂದೆಲ್ಲ ಮೇಣ ತಾನಾಗಿ ಹರಿದು ಬೀಳುತ್ತದೆ. ಕೇಳುವವರಿಲ್ಲ, ಹೇಳುವವರಿಲ್ಲ. ಸೇರಿಗೊಂದು ಬಿಲ್ಲೆ; ಮೂರೂವರೆ ಸೇರಿನ ಮೇಣ ಎಣಿಕೆಯ ಅಚ್ಚಿಗೆ ಹರಿದರೆ ಮೂರು ಬಿಲ್ಲೆ, ಅರ್ಧ ಸೇರು ನೆಲದ ಪಾಲು. ನೆಲಕ್ಕೆ ಬಿದ್ದದ್ದನ್ನು ಕಸ ಗುಡಿಸುವವಳು ಮೋರಿಗೆ ತಳ್ಳುತ್ತಾಳೆ, ಅದರ ಮಾತು ಯಾರೂ ಎತ್ತಬಾರದು. ಎಷ್ಟು ಅರ್ಧಗಳು ಆ ಮೋರಿಯಲ್ಲಿ ಹೋದವೋ! ಜನಕ್ಕೆ ಅದೂ ಒಗ್ಗಿಹೋಗಿತ್ತು.

ಹಬ್ಬದ ದಿನದ ಇನ್ನೊಂದು ಪದ್ಧತಿ ಹೇಳಬೇಕು. ಬೆಳಿಗ್ಗೆ ದೊಡ್ಡ ನಗಾರಿ ಬಾರಿಸುತ್ತಾರೆ. ಅದು ಕಿವಿಗೆ ಬಿದ್ದ ಕೂಡಲೇ, ಎಲ್ಲಿದ್ದವರು ಅಲ್ಲೇ, ಇದ್ದೀನಿ ಅನ್ನಬೇಕು, ಅಂದು ಒಂದು ಉಂಡೆ ಮೇಣಕ್ಕೆ ಹೆಬ್ಬೆರಳು ಒತ್ತಬೇಕು. ನೀರು ಹುಯ್ದುಕೊಳ್ಳುತ್ತಿದ್ದವನು ಒದ್ದೆ ಬೆರಳನ್ನೇ ಒತ್ತುತ್ತಾನೆ. ತೊಟ್ಟಿಲ ಕೂಸಿನ ಬೆರಳನ್ನು ತಾಯಿ ಹಿಡಿದು ಒತ್ತಿಸುತ್ತಾಳೆ. ಆ ಉಂಡೆ ಕಲ್ಲುಮನೆಯ ಹೊಸ್ತಿಲಿಗೆ ಬಂದರೆ ಇನ್ನೊಂದು ವರ್ಷ ನೀನು ಇರುವವರಲ್ಲಿ ಉಳಿಯುತ್ತೀಯ. ಆ ಊರಲ್ಲಿ ಹುಟ್ಟಿದವರಿಗೆ ಇದು ಹಸಿವು ನಿದ್ದೆಯ ಹಾಗೆ, ಯಾರೂ ಕಲಿಸಬೇಕಿಲ್ಲ.

ಈ ಅಚ್ಚುಗಳನ್ನೆಲ್ಲ ಕೆತ್ತುತ್ತಿದ್ದವಳು ಒಬ್ಬಳೇ. ಅಚ್ಚಿನವಳು ಅಂತ ಅವಳನ್ನು ಕರೆಯುತ್ತಿದ್ದರು. ಗಂಡ ಯಾವತ್ತೋ ಹೋದವರ ಅಚ್ಚು ಸೇರಿದ್ದ, ಅವಳೇ ಬಾಯಿಬಿಟ್ಟು ಹೌದೆಂದಿದ್ದಳು. ಉಳಿದವಳು ಒಬ್ಬ ಮಗಳು. ಚಿಕ್ಕವಳಿದ್ದಾಗ ಅವ್ವನ ಪಕ್ಕ ಕೂತು ಕಾದ ಅಚ್ಚು ಮುಟ್ಟಿ ಹೆಬ್ಬೆರಳು ಸುಟ್ಟುಕೊಂಡಿದ್ದಳು. ಬೆರಳ ನಡುವೆ ಭತ್ತದ ಕಾಳಿನಂಥ ಕಲೆ ಉಳಿದಿತ್ತು. ಬೆಳೆದ ಮೇಲೆ ಅಚ್ಚು ಬೇಡ, ಬೆಳಕು ಬೇಕು ಅಂದಳು, ಮೇಣದ ಗುಡ್ಡದೊಳಗೆ ಅಗೆಯುವವರಿಗೆ ದೀಪ ಹಿಡಿಯುವ ಕೆಲಸಕ್ಕೆ ಹೋದಳು. ಊರಿಗೆ ಬೇಕಾದ ಮೇಣವೆಲ್ಲ ಆ ಗುಡ್ಡದ ಹೊಟ್ಟೆಯದು.

ಗುಡ್ಡದ ಚಾವಣಿ ಬೆವರುತ್ತಿದೆ ಎಂದು ಅಗೆಯುವವರು ಬಂದು ಹೇಳಿದ್ದರು. ಯಜಮಾನ ತಲೆದೂಗಿ, ಬೆವರಿನ ಅಚ್ಚು ಯಾವ ಗೂಡಿನಲ್ಲೂ ಇಲ್ಲವಲ್ಲಪ್ಪ, ಇಲ್ಲದ್ದನ್ನು ನಾನು ಹೇಗೆ ನೋಡಲಿ ಅಂದ. ನಾಲಿಗೆಗೆ ಬೆಣ್ಣೆ ಸವರಿಕೊಂಡೇ ಹುಟ್ಟಿದ್ದ ಆ ಮನುಷ್ಯ. ಇನ್ನಷ್ಟು ಆಳಕ್ಕೆ ಹೋಗಿ ಅಂದ. ಹೋದರು. ಗುಡ್ಡ ಕುಸಿಯಿತು.

ಕುಸಿದ ಬಾಯಲ್ಲಿ ಮೊಳಕೈ ತೂರುವಷ್ಟು ಒಂದು ಸಂದಿ ಉಳಿದಿತ್ತು, ಆದರೆ ಒಳಗಿನ ದನಿ ಹೊರಗೆ ಮುಟ್ಟದಷ್ಟು ಆಳ. ಅಚ್ಚಿನವಳು ಅದಕ್ಕೆ ಮುಖ ಕೊಟ್ಟು ಮಲಗಿದಳು. ಒಳಗಿನಿಂದ ಎಣ್ಣೆ ಹೊಗೆಯ ವಾಸನೆ ಬರುತ್ತಿದೆ, ನನ್ನ ಮಗಳು ದೀಪ ಹಚ್ಚಿಟ್ಟಿದ್ದಾಳೆ ಅಂದಳು. ಬೇರೆಯವರು ಮೂಸಿ ನೋಡಿದರು, ಕೆಲವರಿಗೆ ಬಂತು, ಕೆಲವರಿಗೆ ಬರಲಿಲ್ಲ. ಹೊರಗಿದ್ದ ಅಗೆಯುವವರು ಹಾರೆ ಹಿಡಿದು ಮಣ್ಣು ತೆಗೆಯತೊಡಗಿದರು. ಬಾಯಿಯ ಹತ್ತಿರ ಒಂದು ದೀಪ ಇಟ್ಟರು. ಒಳಗಿರುವವರ ಹೆಂಡತಿ ಮಕ್ಕಳು, ಅಣ್ಣತಮ್ಮಂದಿರು ಬುಟ್ಟಿ ಹೊತ್ತರು.

ಆದರೆ ಎಣಿಕೆಯ ಹಬ್ಬ ಹತ್ತಿರ ಬಂದಿತ್ತು. ಅಚ್ಚಿನವಳು ಅದನ್ನೇ ಲೆಕ್ಕ ಹಾಕಿದಳು. ಒಳಗಿರುವವರ ಬೆರಳಿನ ಉಂಡೆ ಹೊಸ್ತಿಲಿಗೆ ಬರುವುದಿಲ್ಲ, ಅವರು ಇರುವವರಲ್ಲಿ ಉಳಿಯುವುದಿಲ್ಲ. ಹೋದವರಿಗೆ ಸೇರಿಸೋಣವೆಂದರೆ ಮನೆಯವರು ಬಾಯಿಬಿಟ್ಟು ಹೌದೆನ್ನಬೇಕು, ಯಾರು ಅನ್ನುತ್ತಾರೆ? ಎರಡೂ ಕಡೆ ಇಲ್ಲದವರು ಊರ ಕಣ್ಣಿಗೆ ಬೀಳುವುದಿಲ್ಲ. ಹಬ್ಬ ಮುಗಿಯುತ್ತಲೇ ಅಗೆಯುವವರು, ನಾವು ಯಾರಿಗಾಗಿ ಅಗೆಯುತ್ತಿದ್ದೇವೆ ಎಂದು ಹಾರೆ ಕೆಳಗಿಡುತ್ತಾರೆ.

ಅವಳು ಯಜಮಾನನ ಹತ್ತಿರ ಹೋಗಿ ಹೊಸ ಅಚ್ಚು ಬೇಕು ಅಂದಳು. ಇರುವವರದ್ದಲ್ಲ, ಹೋದವರದ್ದೂ ಅಲ್ಲ. ಬರಬೇಕಾದವರ ಅಚ್ಚು. ಹೊಸ್ತಿಲಿಗೆ ಬೆರಳು ಬಾರದಿದ್ದರೂ, ದಾರಿ ಕಾಯುವವರು ಒಬ್ಬರಾದರೂ ಇರುವತನಕ, ಅವರು ಅದರಲ್ಲಿ ಇರಬಹುದು. ಅವರು ಅದರಲ್ಲಿರುವತನಕ ದೀಪ ಆರಿಸುವಂತಿಲ್ಲ, ಅಗೆತ ನಿಲ್ಲಿಸುವಂತಿಲ್ಲ, ಗುಡ್ಡದಲ್ಲಿ ಬೇರೆ ಬಾಯಿ ತೆರೆಯುವಂತಿಲ್ಲ.

ಜಗಳಕ್ಕೆ ಅಂತಲೇ ಸೆರಗು ಸಿಕ್ಕಿಸಿಕೊಂಡು ಹೋಗಿದ್ದಳು. ಯಜಮಾನ ಒಂದು ಮಾತೂ ಎದುರಾಡದೆ ಒಪ್ಪಿದ. ಕಣ್ಣಲ್ಲಿ ನೀರು ಕೂಡ ತಂದುಕೊಂಡ. ಮಾಡವ್ವ, ಚೆನ್ನಾಗಿ ಮಾಡು, ಪದ್ಧತಿ ಪ್ರಕಾರ ಮಾಡು ಅಂದ. ಗುಡ್ಡದ ಆಚೆ ಮಗ್ಗುಲಲ್ಲಿ ಹೊಸ ಬಾಯಿ ಎಲ್ಲಿ ತೆರೆಯಬೇಕೆಂದು ಅವನು ಆಗಲೇ ಗೂಟ ಹೊಡೆಸಿದ್ದ. ಅದು ಅವಳಿಗೆ ಗೊತ್ತಿರಲಿಲ್ಲ.

ಅವಳು ಕೆತ್ತಿದಳು. ಊಟ ಬಿಟ್ಟು ಕೆತ್ತಿದಳು. ಇರುವವರ ಅಚ್ಚು ದುಂಡಗೆ, ಹೋದವರ ಅಚ್ಚು ಚಪ್ಪಟೆ ಚೌಕ. ಇದನ್ನು ದೋಣಿಯ ಹಾಗೆ ಮಾಡಿದಳು, ಎರಡು ತುದಿ ಮೇಲಕ್ಕೆ. ಒಳಗೆ ಉಗುರು ಆಡಿಸಿದರೂ ತರಿ ಸಿಗಬಾರದು, ಅಷ್ಟು ನುಣುಪು. ಕೊನೆಗೆ ತಳದಲ್ಲಿ ತೂಬು ಕೊರೆದಳು. ಯಾಕೆ ಕೊರೆದಳು? ಎಲ್ಲ ಅಚ್ಚಿಗೂ ಕೊರೆಯುತ್ತಿದ್ದಳು, ಇದಕ್ಕೂ ಕೊರೆದಳು. ಅವಳ ಅವ್ವ ಕೊರೆಯುತ್ತಿದ್ದಳು, ಅವ್ವನ ಅವ್ವ ಕೊರೆಯುತ್ತಿದ್ದಳು. ಅಚ್ಚು ಕೆತ್ತುವುದು ಅವಳ ಕೆಲಸ, ಗೂಡಿನಲ್ಲಿ ಕೂರಿಸುವುದು ಕಲ್ಲುಮನೆಯ ಕೆಲಸ. ಯಾವ ಗೂಡು, ಪಕ್ಕದಲ್ಲಿ ಯಾರು, ತೂಬಿನ ಬಾಯಿ ಯಾವ ಕಡೆಗೆ ಎಂದು ಅವಳು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅವತ್ತೂ ಕೇಳಲಿಲ್ಲ.

ಒಳಗಿರುವವರ ಪಾಲಿನ ಮೇಣವನ್ನು ಮನೆಯವರು ಒಬ್ಬೊಬ್ಬರಾಗಿ ತಂದು ದೋಣಿಗೆ ಹುಯ್ದರು. ಅಚ್ಚಿನವಳು ಮಗಳ ಮೇಣ ಹುಯ್ದು ಮನೆಗೆ ಬಂದು, ಎಷ್ಟೋ ದಿನದ ಮೇಲೆ ಒಂದು ತುತ್ತು ಉಂಡಳು.

ಹಬ್ಬದ ದಿನ ನಗಾರಿ ಬಾರಿಸಿದರು. ಊರೆಲ್ಲ ಇದ್ದೀನಿ ಅಂದಿತು, ಊರೆಲ್ಲ ಬೆರಳು ಒತ್ತಿತು. ಕಲ್ಲುಮನೆಯಲ್ಲಿ ಕೆಂಡ ತುಂಬಿದರು. ಕೂಗುವವನು ಇರುವವರು ಎಂದು ಕೂಗಿದ, ಎಣಿಸಿದ. ಕಾಳು ಎಂದು ಕೂಗಿದ, ಕುರಿ ಎಂದು ಕೂಗಿದ, ಎಣಿಸಿದ. ಆಮೇಲೆ ಹೋದವರು ಎಂದು ಕೂಗಿದ.

ಅಚ್ಚಿನವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ದೋಣಿಯಂಥ ಅಚ್ಚು ಹೋದವರ ಅಚ್ಚಿನ ಮಗ್ಗುಲಲ್ಲೇ ಕೂತಿತ್ತು. ಅವಳು ಕೊರೆದ ತೂಬಿನಿಂದ ಮೇಣದ ಎಳೆ ಸಣ್ಣಗೆ ಇಣುಕಿತು. ಆಮೇಲೆ ಸಲೀಸಾಗಿ, ಎಲ್ಲೂ ತಡೆಯದೆ, ಹರಿಯಿತು. ಎಷ್ಟು ಚೆನ್ನಾಗಿ ಕೊರೆದಿದ್ದಳು! ಒಂದು ಹನಿಯೂ ಹಿಂದೆ ಉಳಿಯಲಿಲ್ಲ. ಚೌಕದಲ್ಲಿ ಹಿಡಿಸದ ಮೇಣ ಅಂಚಿನಿಂದ ತುಳುಕಿ ನೆಲಕ್ಕೆ ಬಿತ್ತು. ಕೂಗುವವನು ಎಣಿಸಿ ಮುಂದಿನ ಹೆಸರು ಕೂಗಿದ.

ಅವಳು ಮಗಳ ಹೆಸರು ಹಿಡಿದು ಚೀರಿದಳು. ಊರು ಅವಳ ತೆರೆದ ಬಾಯಿ ನೋಡಿತು, ದನಿ ಕೇಳಲಿಲ್ಲ. ಹೋದವರ ಅಚ್ಚಿಗೆ ಬಿದ್ದವರ ಹೆಸರು ಆ ಊರ ಕಿವಿಗೆ ಕೇಳುವುದಿಲ್ಲ. ಆ ಹೆಸರು ನಿಮಗೆ ನಾನೂ ಈಗ ಹೇಳುವಂತಿಲ್ಲ.

ಅಗೆಯುವವರು ಹಾರೆ ಕೆಳಗಿಟ್ಟರು. ದೀಪ ಆರಿಸಿದರು. ಒಂದು ಹೊತ್ತು ಅತ್ತರು, ಪದ್ಧತಿ ಪ್ರಕಾರ. ಆಮೇಲೆ ಚಪ್ಪಡಿ ಕಲ್ಲು ಎಳೆದು ತಂದು ಆ ಸಂದಿಗೆ ಮುಚ್ಚಿ ಸುತ್ತಲೂ ಗಾರೆ ಮೆತ್ತಿದರು. ಅವಳು ಕಲ್ಲಿಗೆ ಅಡ್ಡ ಬಿದ್ದಳು. ನಾಲ್ಕು ಜನ ಮೆಲ್ಲಗೆ, ಮರ್ಯಾದೆಯಿಂದಲೇ, ಅವಳನ್ನು ಎತ್ತಿ ಪಕ್ಕಕ್ಕೆ ಕೂರಿಸಿದರು. ಬೆಳಗಾದರೆ ಗುಡ್ಡದ ಆಚೆ ಮಗ್ಗುಲಲ್ಲಿ ಹೊಸ ಬಾಯಿ ತೆರೆಯುವ ಸದ್ದು ಕೇಳತೊಡಗಿತು. ಅದೇ ಕೈಗಳು, ಅದೇ ಹಾರೆಗಳು. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಒಬ್ಬನಾದರೂ ಹಾರೆ ಎತ್ತಲಾರೆ ಅನ್ನಬಾರದಿತ್ತೇ?

ಅವಳು ಮನೆ ಮನೆ ತಿರುಗಿದಳು. ಯಾರ ಬಗ್ಗೆ ಹೇಳುತ್ತಿದ್ದೀಯವ್ವ ಎಂದು ನಿಜವಾದ ಕಳಕಳಿಯಿಂದ ಕೇಳುತ್ತಿದ್ದರು. ಗುಡ್ಡದೊಳಗೆ ಗಂಡನಿದ್ದ ಒಬ್ಬ ಹೆಂಗಸು ಕೂಡ, ಎದೆಯಲ್ಲಿ ಏನೋ ಭಾರ, ಏನೆಂದು ತಿಳಿಯುತ್ತಿಲ್ಲ ಅಂದಳು. ಅಚ್ಚಿನವಳಿಗೆ ಯಜಮಾನನ ಮೇಲೆ ಎಷ್ಟು ಸಿಟ್ಟು ಬಂತೋ ತನ್ನ ಉಳಿಯ ಮೇಲೂ ಅಷ್ಟೇ ಬಂತು. ತೂಬು ಕೊರೆದ ಆ ಉಳಿಯನ್ನು ಬಾವಿಗೆ ಎಸೆಯಲು ಹೋದಳು, ಎಸೆಯದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

ಹೀಗೇ ದಿನಗಳು ಹೋದವು. ಒಂದು ಮಧ್ಯಾಹ್ನ ಕಸ ಗುಡಿಸುವವಳು ಅವಳ ಜಗಲಿಗೆ ಬಂದು, ಆಚೆ ಈಚೆ ನೋಡಿ, ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹಬ್ಬದ ದಿನ ನೆಲಕ್ಕೆ ಬಿದ್ದ ಮೇಣ. ಮೋರಿಗೆ ತಳ್ಳಲು ಬಗ್ಗಿದೆ, ಕೈಗೆ ಚುರುಕ್ಕೆಂದಿತು, ತಳ್ಳಲು ಆಗಲಿಲ್ಲ ಅಂದಳು. ಅವತ್ತೇ ಹೇಳಬೇಕಿತ್ತು, ಹೆದರಿದೆ.

"ಮುಟ್ಟಿ ನೋಡಕ್ಕ. ಇಷ್ಟು ವರ್ಷ ಗುಡಿಸೀನಿ. ಚೌಕಕ್ಕೆ ಹಿಡಿಸದೆ ಬಿದ್ದ ಮೇಣ ಯಾವತ್ತೂ ತಣ್ಣಗಿರೋದು. ಇದು ಇನ್ನೂ ಬಿಸಿ ಐತೆ."

ಅಚ್ಚಿನವಳು ಮುಟ್ಟಿದಳು. ಜ್ವರ ಬಂದ ಮಗುವಿನ ಹಣೆಯ ಹಾಗೆ ಬಿಸಿಯಾಗಿತ್ತು. ಆ ಚೌಕಕ್ಕೆ ಹಿಡಿಸದೆ ಉಳಿದದ್ದು ಒಳಗಿರುವವರ ಜೀವವೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಷ್ಟು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆಯಾ ಎಂದು ಅವಳಿಗೆ ಒಂದು ಬಾರಿಸಲು ಕೈ ಎತ್ತಿದಳು. ಆಮೇಲೆ ಆ ಕೈಯಿಂದಲೇ ಅವಳ ರಟ್ಟೆ ಹಿಡಿದು ಎಳೆದುಕೊಂಡು ನಡೆದಳು.

ದಾರಿಯುದ್ದಕ್ಕೂ ಒಳಗಿರುವವರ ಮನೆಯವರನ್ನು ಕರೆದು ಅಂಗೈಗೆ ಒಂದೊಂದು ಚೂರು ಇಟ್ಟಳು. ಮಾತಾಡಲಿಲ್ಲ, ಮಾತು ಕೇಳುವುದಿಲ್ಲವೆಂದು ಗೊತ್ತಿತ್ತಲ್ಲ. ಬಿಸಿ ತಗುಲಿದವರು ಒಬ್ಬೊಬ್ಬರಾಗಿ ಹಿಂದೆ ಬಂದರು. ಒಳಗೆ ಗಂಡನಿದ್ದ ಹೆಂಗಸು ಅಂಗೈ ಮುಚ್ಚಿಕೊಂಡು ಅಳುತ್ತ ಬಂದಳು. ಕಲ್ಲುಮನೆಗೆ ನುಗ್ಗಿ ಅಚ್ಚಿನವಳು ಉಳಿ ತೆಗೆದಳು. ಹೋದವರ ಅಚ್ಚಿನ ಗೋಡೆಗೆ ಉಳಿ ಹಚ್ಚಿ ಕೊಡತಿಯಿಂದ ಒಂದು ಏಟು ಹಾಕಿದಳು. ಅವಳ ಅವ್ವನ ಕೈಯ ಅಚ್ಚು ಅದು, ಎರಡು ಹೋಳಾಯಿತು. ಗುಡ್ಡದೊಳಗಿನವರ ಮೇಣ ಆ ಅಚ್ಚಿನ ಹಿಡಿತದಿಂದ ಬಿಡಿಸಿಕೊಂಡಿತು, ಅವರ ಹೆಸರುಗಳು ಊರ ಕಿವಿಗೆ ಮತ್ತೆ ಕೇಳಿದವು. ಹೆಂಗಸರು ತಮ್ಮ ತಮ್ಮವರ ಹೆಸರು ಹಿಡಿದು ಕೂಗತೊಡಗಿದರು.

ಯಜಮಾನ ಓಡಿ ಬಂದ. ಇದೇನವ್ವ ಅನಾಹುತ, ಎಲ್ಲದಕ್ಕೂ ಬಾಯಿಬಿಟ್ಟು ಕೇಳುತ್ತ ಕೂತರೆ ಊರು ನಡೆಯುತ್ತದೇನು, ತೂಬು ಇರುವುದೇ ಅದಕ್ಕಲ್ಲವೇ, ಅದನ್ನು ಕೊರೆದದ್ದೂ ನೀನೇ ಅಲ್ಲವೇ ಅಂದ. ಕೊನೆಯ ಮಾತು ಅವಳ ಮುಖಕ್ಕೆ ಹೊಡೆದ ಹಾಗಾಯಿತು. ಹೌದು, ನಾನೇ ಕೊರೆದೆ ಅಂದಳು. ದೋಣಿಯ ಅಚ್ಚನ್ನು ಗೂಡಿನಿಂದ ಕಿತ್ತು ಮಡಿಲಲ್ಲಿಟ್ಟುಕೊಂಡು, ಬಿಡಿಸಿದ ಮೇಣವನ್ನು ಅದಕ್ಕೆ ತುಂಬಿ, ತೂಬಿಗೆ ತನ್ನ ಹೆಬ್ಬೆರಳು ತುರುಕಿ ಮುಚ್ಚಿದಳು.

"ಈಗ ಕೇಳ್ರಿ ಯಜಮಾನ್ರೇ. ಒಬ್ಬೊಬ್ಬರ ಹೆಸರು ಹಿಡಿದು, ಅವರವರ ಮನೆಯವರ ಮುಂದೆ ನಿಂತು ಕೇಳ್ರಿ. ಹೋದರು ಅಂತ ನಾವು ಅಂದರೆ ಹುಯ್ಕೊಳ್ರಿ. ಕೇಳದೆ ಹರಿಸಬೇಡ್ರಿ."

ಊರೆಲ್ಲ ಸೇರಿತ್ತು. ಯಜಮಾನ ಆ ಹೆಂಗಸಿನ ಮುಂದೆ ನಿಂತ. ಅವಳ ಗಂಡನ ಹೆಸರು ಹೇಳಿದ. ಮುಂದಿನ ಮಾತಿಗೆ ಬಾಯಿ ತೆರೆದ. ಅವಳು ಅಂಗೈ ಬಿಚ್ಚಿ ಬಿಸಿ ಮೇಣ ತೋರಿಸಿ ಅವನ ಮುಖವನ್ನೇ ನೋಡಿದಳು. ಅವನ ಬೆಣ್ಣೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಇಷ್ಟು ಜನರನ್ನು ಸಲೀಸಾಗಿ ಹರಿಸಿದವನಿಗೆ ಒಬ್ಬನ ಬಗ್ಗೆ ಕೇಳಲು ಆಗಲಿಲ್ಲ. ಹಿಂದೆ ನಿಂತಿದ್ದ ಅಗೆಯುವವರಲ್ಲಿ ಒಬ್ಬ ಯಾರಿಗೂ ಹೇಳದೆ ಹಾರೆ ಎತ್ತಿಕೊಂಡು ಗುಡ್ಡದ ಕಡೆ ಓಡಿದ. ಉಳಿದವರೂ ಓಡಿದರು.

ಚಪ್ಪಡಿ ಒಡೆದರು. ಹಿಂದೆ ನಿಧಾನಕ್ಕೆ ತೆಗೆಯುತ್ತಿದ್ದ ಮಣ್ಣನ್ನು ಈಗ ಉಗುರಿನಲ್ಲೂ ಕೆರೆದರು. ಬಂಡೆ ಒಂದು ಉರುಳಿ ದಾರಿ ಬಿಟ್ಟಿತು. ಅಚ್ಚಿನವಳು ಎಲ್ಲರನ್ನೂ ತಳ್ಳಿ ಮೊದಲು ಒಳಗೆ ಹೋದಳು.

ಅವರು ಸಾಲಾಗಿ ಮಲಗಿದ್ದರು, ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿ. ಬಂಡೆ ಬಿದ್ದು ಸತ್ತವರು ಒಬ್ಬರೂ ಇಲ್ಲ. ನೀರಿನ ಗಡಿಗೆಯಲ್ಲಿ ಇನ್ನೂ ನೀರಿತ್ತು, ಬುತ್ತಿಯ ಗಂಟಿನಲ್ಲಿ ರೊಟ್ಟಿಯ ಚೂರಿತ್ತು, ದೀಪದಲ್ಲಿ ಎಣ್ಣೆ ಇತ್ತು. ಸಂದಿ ಮುಚ್ಚಿದ ಮೇಲೆ ಇಲ್ಲದ್ದು ಗಾಳಿ ಒಂದೇ. ದೀಪ ಆರಿದ್ದೂ ಅದಕ್ಕೇ, ಅವರು ಆರಿದ್ದೂ ಅದಕ್ಕೇ.

ಸಂದಿಯ ಪಕ್ಕದಲ್ಲಿ, ಹೊರಗಿನ ದೊಡ್ಡ ಸದ್ದು ಕೇಳುವ ಕಡೆ, ಗೋಡೆಯ ಹಸಿ ಮೇಣದಲ್ಲಿ ಹೆಬ್ಬೆರಳ ಗುರುತುಗಳಿದ್ದವು. ಒಳಗೆ ಎಷ್ಟು ಜನ ಇದ್ದರೋ ಅಷ್ಟು. ಅವರಿಗೆ ನಗಾರಿ ಕೇಳಿಸಿತ್ತು. ಕೇಳಿಸಿದ ಕೂಡಲೇ ಎಲ್ಲಿದ್ದರೋ ಅಲ್ಲೇ ಇದ್ದೀನಿ ಅಂದಿದ್ದರು, ಬೆರಳು ಒತ್ತಿದ್ದರು, ಪದ್ಧತಿ ಪ್ರಕಾರ. ಕೊನೆಯ ಗುರುತಿನ ನಡುವೆ ಭತ್ತದ ಕಾಳಿನಂಥ ಒಂದು ಕಲೆ ಮೂಡಿತ್ತು.

ಅವಳು ಆ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟಳು. ಮಗಳನ್ನು ಹೊರಗೆ ತಂದು ಬೆಳಕಿನಲ್ಲಿ ಮಲಗಿಸಿ, ಕೂದಲಿನ ಮಣ್ಣು ಒರೆಸಿ, ಯಜಮಾನನನ್ನು ಕರೆಯಿರಿ ಅಂದಳು. ಅವನು ಬರಲು ಕಾಲೆಳೆದ, ಅಗೆಯುವವರು ಕರೆತಂದರು. ಈಗ ಕೇಳ್ರಿ ಅಂದಳು. ಅವನು ಕೇಳುವುದೇನಿದೆ ತಾಯಿ, ಕಣ್ಣೆದುರಿಗೇ ಇದೆಯಲ್ಲ ಎಂದು ಗೊಣಗಿದ. ಅವಳು ಬಿಡಲಿಲ್ಲ. ಪದ್ಧತಿ ಪ್ರಕಾರ ಕೇಳ್ರಿ, ಹೆಸರು ಹಿಡಿದು ಕೇಳ್ರಿ ಅಂದಳು.

"ಕೆಂಚವ್ವ ಹೋದಳೇನು?" ಅಂದ ಯಜಮಾನ. ಅವನ ದನಿ ಅವನಿಗೇ ಕೇಳಿಸಿತೋ ಇಲ್ಲವೋ.

"ಹೋದಳು. ನನ್ನ ಬಾಯಿಂದಲೇ ಹೇಳ್ತೀನಿ, ಹುಯ್ಕೊಳ್ರಿ. ಆದರೆ ನೀವು ಎಣಿಸಿದ ದಿನ ಇದ್ದಳು."

ಒಬ್ಬೊಬ್ಬರ ಹೆಸರನ್ನೂ ಅವನು ಕೇಳಬೇಕಾಯಿತು. ಒಂದೊಂದು ಮನೆಯವರೂ ಅದೇ ಮಾತು ಹೇಳಿದರು. ಒಡೆದ ಚೌಕದ ಬದಲು ಅಚ್ಚಿನವಳು ಇನ್ನೊಂದು ಕೆತ್ತಿಕೊಟ್ಟಳು, ಹುಯ್ದರು.

ಬೆರಳ ಗುರುತಿದ್ದ ಆ ಗೋಡೆಯ ತುಂಡನ್ನು ಅಚ್ಚಿನವಳು ಕತ್ತರಿಸಿ ತಂದು, ಅದಕ್ಕೆ ಸರಿಯಾಗಿ ಒಂದು ಕಲ್ಲು ಕೊರೆದು ಕೂರಿಸಿದಳು. ಎಣಿಸಿದ ದಿನ ಇದ್ದವರು ಎಂಬುದು ಆ ಅಚ್ಚಿನ ಹೆಸರು. ಗೂಡನ್ನು ಈ ಸಲ ಅವಳೇ ಆರಿಸಿದಳು, ಯಜಮಾನ ಕೂರುವ ಜಾಗದ ನೇರ ಎದುರಿಗೆ. ಪ್ರತಿ ಹಬ್ಬಕ್ಕೂ ಕೂಗುವವನು ಆ ಹೆಸರನ್ನು ಕೂಗಲೇಬೇಕು. ಕೂಗಿದಾಗ ಊರು ಸುಮ್ಮನೆ ನಿಲ್ಲುತ್ತದೆ, ಯಜಮಾನನೂ ಎದ್ದು ನಿಂತು ಆ ಬೆರಳುಗಳನ್ನು ನೋಡಬೇಕು.

ಕಲ್ಲುಮನೆಯಲ್ಲಿ ಈಗಲೂ ಕೆಂಡ ತುಂಬುತ್ತಾರೆ, ಈಗಲೂ ಅರ್ಧ ಸೇರು ನೆಲಕ್ಕೆ ಬೀಳುತ್ತದೆ. ಆ ಒಂದು ಅಚ್ಚಿನಿಂದ ಮಾತ್ರ ಏನೂ ಹರಿಯುವುದಿಲ್ಲ. ಅವಳು ಅದಕ್ಕೆ ತೂಬು ಕೊರೆಯಲಿಲ್ಲ.